ಊರೊಳಗಿನ ಏರ್‌ಪೋರ್ಟೂ ಬುಲೆಟ್ ರೈಲೂ

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆಯ ನಮಗೆ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ದೂರ ಅನ್ನಿಸುತ್ತಲೇ ಇರಲಿಲ್ಲ. ಹೊಸಕೋಟೆ, ಕೆ.ಆರ್. ಪುರ ದಾಟಿದರೆ ಬಂದೇಬಿಟ್ಟಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಯಿತು, ಇಲ್ಲಿನ ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೋದವು. ‘ಎಚ್‌ಎಎಲ್ ಮತ್ತೆ ತೆರೆಯಬೇಕಪ್ಪ’ ಅನ್ನುವ ಮಾತು ಮಾತ್ರ ಇನ್ನೂ ನಿಂತಿಲ್ಲ.

ಮೊನ್ನೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ಟೀ ಕುಡಿಯುತ್ತಾ ಇದನ್ನೇ ಹೇಳಿದೆ. ಪಕ್ಕದಲ್ಲಿದ್ದವರು ತಟ್ಟನೆ ಕೇಳಿದರು: ‘ಚೆನ್ನೈಗೆ ಬುಲೆಟ್ ರೈಲು ಬಂದರೆ ಎಚ್‌ಎಎಲ್ ಯಾರಿಗೆ ಬೇಕು ಸಾರ್?’

ಒಳ್ಳೆಯ ಪ್ರಶ್ನೆ. ತೈವಾನ್ ಇದನ್ನು ಆಗಲೇ ಕಂಡಿದೆ. ತೈಪೆ ಊರೊಳಗೇ ಸೋಂಗ್‌ಶಾನ್ ಅನ್ನುವ ವಿಮಾನ ನಿಲ್ದಾಣವಿದೆ. ಅಲ್ಲಿಂದ ದಕ್ಷಿಣದ ಕಾವೋಸಿಯುಂಗ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. 2007ರಲ್ಲಿ ಗಂಟೆಗೆ 300 ಕಿ.ಮೀ. ಓಡುವ ರೈಲು ಬಂತು. ಸುಮಾರು 345 ಕಿ.ಮೀ. ದಾರಿ, ಒಂದೂವರೆ ಗಂಟೆ. ಬೆಂಗಳೂರು–ಚೆನ್ನೈ ದೂರವೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ! 2012ರ ಹೊತ್ತಿಗೆ ಆ ದಾರಿಯ ವಿಮಾನಗಳು ನಿಂತೇಹೋದವು.

ವಿಮಾನ ಬೇಗ ಹೋಗುತ್ತದೆ, ನಿಜ. ಆದರೆ ಅದಕ್ಕೂ ಮೊದಲು ಸಾಲು ನಿಲ್ಲಬೇಕು, ಬೆಲ್ಟು ಬಿಚ್ಚಿ ಟ್ರೇಗೆ ಹಾಕಬೇಕು, ಪ್ಯಾಂಟು ಹಿಡಿದುಕೊಂಡು ಆಚೆ ದಾಟಬೇಕು. ಇಳಿದ ಮೇಲೆ ಸೂಟ್‌ಕೇಸಿಗೆ ಕಾಯಬೇಕು. ರೈಲಿಗೆ ಹತ್ತು ನಿಮಿಷ ಮೊದಲು ಹೋದರೂ ಸಾಕು. ‘ನಾನು ಊರೊಳಗೇ ಇದ್ದೀನಿ’ ಅನ್ನುವುದು ಇಂಥ ನಿಲ್ದಾಣದ ದೊಡ್ಡ ಬಂಡವಾಳ. ರೈಲೂ ಊರೊಳಕ್ಕೇ ಬಂದರೆ ಅದು ಕರಗಿತು ಅಂತಲೇ ಲೆಕ್ಕ.

ಆದರೂ ಸೋಂಗ್‌ಶಾನ್ ಮುಚ್ಚಲಿಲ್ಲ. ಕಿನ್ಮೆನ್, ಪೆಂಗು ದ್ವೀಪಗಳಿಗೆ ಅಲ್ಲಿಂದಲೇ ವಿಮಾನ. 2010ರಲ್ಲಿ ಟೋಕಿಯೋದ ಹನೇಡಾಗೂ ಶುರುವಾಯಿತು. ರೈಲು ಸಮುದ್ರ ಈಜುವುದಿಲ್ಲವಲ್ಲ!

ನಮಗೆ ಸಮುದ್ರವಿಲ್ಲ, ದೂರವಿದೆ. ಎಚ್‌ಎಎಲ್ ಮತ್ತೆ ತೆರೆದರೂ ಚೆನ್ನೈ ನಂಬಿಕೊಂಡು ಬದುಕುವುದು ಕಷ್ಟ. ದೆಹಲಿ, ಕೋಲ್ಕತ್ತಾ ವಿಮಾನಗಳಿದ್ದರೆ ಬದುಕೀತು ಅಂತ ನನ್ನ ಎಣಿಕೆ.

ಟೀ ಕುಡಿಯುತ್ತಾ ಪಕ್ಕದಲ್ಲಿದ್ದವರಿಗೂ ಇದನ್ನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅದಿರಲಿ ಸಾರ್, ಬುಲೆಟ್ ರೈಲು ಬಂಗಾರಪೇಟೆಯಲ್ಲಿ ನಿಲ್ಲುತ್ತಾ?’ ಅಂದರು. ಮುಂಬೈ–ಅಹಮದಾಬಾದ್ ಮಾರ್ಗದ 508 ಕಿ.ಮೀ.ಗೆ 12 ನಿಲ್ದಾಣ ಅಂದೆ. ಅವರು ಲೋಟ ಕೆಳಗಿಟ್ಟು ಬೆರಳು ಮಡಚುತ್ತಾ ಎಣಿಸತೊಡಗಿದರು: ಚೆನ್ನೈ, ಕಾಟ್ಪಾಡಿ, ಜೋಲಾರ್‌ಪೇಟೆ...