ಜೇನಿಗೂ ಆತ್ಮಸಾಕ್ಷಿ ಇದ್ದಿದ್ರೆ?

ಹೋದ ಸಂಚಿಕೆಗೆ ಒಬ್ರು ಕಾಮೆಂಟ್ ಹಾಕಿದಾರೆ: "ಫ್ರಾನ್ಸಿಸ್ ಪವರ್ ಕಾಬ್ ಅಂದ್ರೆ ಡಾರ್ವಿನ್‌ಗೆ ಹೆದರಿದ ಚರ್ಚಿನ ಅಜ್ಜಿ." ಕಾಬ್ ಅಂದ್ರೆ ಐರ್ಲೆಂಡಿನ ಲೇಖಕಿ, ಆತ್ಮಸಾಕ್ಷಿ ಎಲ್ಲಿಂದ ಬಂತು ಅಂತ ಡಾರ್ವಿನ್ ಹೇಳಿದ್ದನ್ನ 1871ರಲ್ಲಿ ಪ್ರಶ್ನಿಸಿದವರು. ಅಜ್ಜೀನಾ? ಆಗ ಆಕೆಗೆ 49 ಕೂಡ ತುಂಬಿರಲಿಲ್ಲ. ಚರ್ಚಿನವರಾ? ಕ್ರೈಸ್ತ ನಂಬಿಕೆ ಬಿಟ್ಟೆ ಅಂದಿದ್ದಕ್ಕೆ ಡಬ್ಲಿನ್ ಹತ್ರದ ಮನೆಯಿಂದ ಅಪ್ಪನೇ ಆಚೆ ಕಳಿಸಿದ್ರು!

ಮನುಷ್ಯನ ವಿಕಾಸದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ 'ಡಿಸೆಂಟ್ ಆಫ್ ಮ್ಯಾನ್' ಬಂದಿದ್ದು 1871ರ ಫೆಬ್ರವರಿ. ಅದರಲ್ಲೊಂದು ಮಾತು: ಮನುಷ್ಯರು ಜೇನುಗೂಡಿನ ಥರ ಬೆಳೆದಿದ್ರೆ, ಮದುವೆಯಾಗದ ಹೆಣ್ಣುಮಕ್ಕಳು ಅಣ್ಣತಮ್ಮಂದಿರನ್ನ ಕೊಲ್ಲೋದೇ ಪವಿತ್ರ ಕರ್ತವ್ಯ ಅಂದ್ಕೊಳ್ತಿದ್ರು. ಗೂಡಿನ ಬಾಗಿಲಲ್ಲಿ ನೋಡಿ ಬೇಕಾದ್ರೆ. ಮಕರಂದ ಕಮ್ಮಿಯಾದಾಗ ಕೆಲಸಗಾರ ನೊಣಗಳು ಗಂಡುನೊಣಕ್ಕೆ ಊಟ ನಿಲ್ಲಿಸ್ತವೆ, ರೆಕ್ಕೆ ಕಚ್ಚಿ ಎಳೆದು ಹೊರಗೆ ಹಾಕ್ತವೆ. ತಿರುಗಿ ಚುಚ್ಚೋಣ ಅಂದ್ರೆ ಗಂಡಿಗೆ ಕೊಂಡಿನೇ ಇಲ್ಲ, ಪಾಪ.

ಏಪ್ರಿಲ್‌ಗೆ ಕಾಬ್ ವಿಮರ್ಶೆ ರೆಡಿ. ದೇಹ ಕೋತಿ ಕಡೆಯಿಂದ ಬಂತಾ? ಬರಲಿ, ಅದಕ್ಕೆ ತಕರಾರಿಲ್ಲ. ಆದ್ರೆ ಆತ್ಮಸಾಕ್ಷಿ ಬರೀ ಗೂಡಿನ ಅನುಕೂಲಕ್ಕೆ ಅಂಟಿಕೊಂಡ ಚಾಳಿ ಆದ್ರೆ, ಅದರ ಮಾತು ನಾನ್ಯಾಕೆ ಕೇಳಬೇಕು? ಹೇಗೆ ಬಂತು ಬೇರೆ, ಯಾಕೆ ಕೇಳಬೇಕು ಬೇರೆ. ಲೆಕ್ಕ ಮಾಡೋ ಮಿದುಳು ವಿಕಾಸದಿಂದ ಬಂತು ನಿಜ, ಅದಕ್ಕೇನಾ ಎರಡೂ ಎರಡೂ ನಾಲ್ಕಾಗಿದ್ದು?

ಡಾರ್ವಿನ್ 1874ರ ಆವೃತ್ತಿಯ ಅಡಿಟಿಪ್ಪಣೀಲಿ ಉತ್ತರ ಕೊಟ್ರು: ಜೇನಿನ ಪ್ರವೃತ್ತಿ ಬಂದಿದ್ದೇ ಸಮುದಾಯದ ಒಳಿತಿಗೆ, ಕಾಬ್ ಅದನ್ನ ಗಮನಿಸಿಲ್ಲ ಅಂತ. ಅಯ್ಯೋ ಸ್ವಾಮಿ, ಗಮನಿಸಿಯೇ ಕೇಳ್ತಿರೋದು! ಗೂಡಿಗೆ ಒಳ್ಳೇದಾದ್ರೆ ಅಣ್ಣತಮ್ಮಂದಿರನ್ನ ಕೊಲ್ಲೋದು ಸರೀನಾ? ಸಿಜ್ವಿಕ್ ಅನ್ನೋ ಇಂಗ್ಲಿಷ್ ತತ್ವಜ್ಞಾನಿ, ಬುದ್ಧಿವಂತ ಜೇನು ಜನಸಂಖ್ಯೆ ಸಮಸ್ಯೆಗೆ ಇನ್ನೂ ಮೆತ್ತಗಿನ ದಾರಿ ಹುಡುಕ್ತಿತ್ತು ಅಂದ್ರು. ಸರಿ, ಗೂಡಿನ ಮುಂದೆ ಕುಟುಂಬ ಯೋಜನೆ ಶಿಬಿರ ಹಾಕೋಣ.

ಇನ್ನೊಂದು. ಕರ್ತವ್ಯದ ಬಗ್ಗೆ ಬರೆದ ಜರ್ಮನ್ ತತ್ವಜ್ಞಾನಿ ಕಾಂಟ್‌ರನ್ನ ಓದಿ ಅಂತ ಡಾರ್ವಿನ್ ಕೈಗೆ ಪುಸ್ತಕ ಕೊಟ್ಟಿದ್ದು ಇದೇ ಕಾಬ್. ಹೆದರಿದವರು ಎದುರಾಳಿಗೆ ಪುಸ್ತಕ ಕೊಡ್ತಾರಾ?

ಡಾರ್ವಿನ್‌ರ ಈ ಸಿದ್ಧಾಂತ ಗೆದ್ರೆ ಸದ್ಗುಣಕ್ಕೆ ಸಾವಿನ ಗಂಟೆ ಅಂತಾನೂ ಕಾಬ್ ಬರೆದಿದಾರೆ. ಅದು ಅತಿಯಾಯ್ತು, ಡಾರ್ವಿನ್ ಗೇಲಿ ಮಾಡಿದ್ದೂ ಅದನ್ನೇ. ಅಲ್ರೀ, ಗಂಟೆ ಬಿಡಿ, ಪ್ರಶ್ನೆಗೆ ಉತ್ತರ ಕೊಡಿ! ಹೇಗೆ ಬಂತು ಬೇರೆ! ಯಾಕೆ ಕೇಳಬೇಕು ಬೇರೆ! ಬೇರೆ ಅಂದ್ರೆ ಬೇರೆ ಕಣ್ರೀ!

ಗಂಟಲು ಒಣಗಿತು. ಮುಂದಿನ ವಾರ ಪ್ರಾಣಿಗಳನ್ನ ಜೀವಂತ ಕೊಯ್ಯೋದರ ವಿರುದ್ಧ 1875ರಲ್ಲಿ ಕಾಬ್ ಕಟ್ಟಿದ ಸಂಘದ ಕಥೆ. ಅಲ್ಲೂ ಡಾರ್ವಿನ್ ಎದುರು ಪಕ್ಷಾನೇ. ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ. ಸಾವಿನ ಗಂಟೆ ಅಲ್ಲ, ಇದು ಬೇರೆ.