‘ಬೆ’ ಅಂದರೆ ಬೆಟ್ಟೆ

ಕೇಳುಗರಿಗೆಲ್ಲ ನಮಸ್ಕಾರ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬೆಳಗಿನ ಬಸ್ಸು ಹಿಡಿಯುವವರಿಗೆ ಈ ದಾರಿ ಚೆನ್ನಾಗಿ ಗೊತ್ತು. ಗಾಜನೂರು ಕಳೆಯುತ್ತದೆ, ಸಕ್ರೆಬೈಲು ಬರುತ್ತದೆ, ಆಮೇಲೆ ಮಂಡಗದ್ದೆ. ಮಳೆಗಾಲವಾದರೆ ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಎರಡು ವರ್ಷದ ಹಿಂದೆ ಶ್ರಾವಣದ ಒಂದು ಸೋಮವಾರ ನಾನು ಆ ದಾರಿಯಲ್ಲಿ ಹೊಸ ಕೆಲಸಕ್ಕೆ ಹೊರಟಿದ್ದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಆದರೆ ಹಕ್ಕಿ ನೋಡಿದ ನೆನಪಿಲ್ಲ. ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗುತ್ತಿತ್ತು.

ಆಷಾಢದಲ್ಲೇ ಸೇರಬಹುದಿತ್ತು. ‘ಆಷಾಢದಲ್ಲಿ ಬೇಡ, ಶ್ರಾವಣ ಬರಲಿ’ ಅಂದರು ಅಮ್ಮ. ಹೊಸ ಕಡೆ ಅಳುಕುತ್ತಲೇ ಕೇಳಿದೆ. ಅವರೂ ಅದೇ ಸರಿ ಅಂದರು. ಮಲೆನಾಡಿನಲ್ಲಿ ಇದು ಯಾರಿಗೂ ಬಿಡಿಸಿ ಹೇಳಬೇಕಾದ ವಿಷಯ ಅಲ್ಲ.

ಶಿವಮೊಗ್ಗದ ಒಂದು ಖಾಸಗಿ ಸಂಸ್ಥೆಯಲ್ಲಿ ನಾನು 14 ವರ್ಷ ಲೆಕ್ಕ ಬರೆದಿದ್ದೆ. ಲೆಕ್ಕಪತ್ರವನ್ನೆಲ್ಲ ಬೆಂಗಳೂರಿನ ಆಫೀಸಿಗೆ ಸಾಗಿಸುವ ಮಾತು ಶುರುವಾಯಿತು. ಮೇಜಿನ ಮೇಲಿನ ಕೆಲಸ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಕೆಲಸ ಇಲ್ಲದೆ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಅದೇ ಹೊತ್ತಿಗೆ ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ನೋಡುವವರು ಬೇಕು ಅಂತ ತಿಳಿಯಿತು. ಗೋದಾಮು, ಆಫೀಸು ಸೇರಿ ಮೂವತ್ತು ಜನ. ಸಂಬಳ ಜಾಸ್ತಿ. ಆದರೆ ಹೋಗಿ ಬರಲು 120 ಕಿಲೋಮೀಟರ್. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಬಸ್ಸಿನಲ್ಲೇ. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸುಗಳೇ ಜಾಸ್ತಿ ಅಲ್ವಾ? ಹೆಚ್ಚಿಗೆ ಬಂದ ಸಂಬಳದ ಅರ್ಧ ಬಸ್ಸಿಗೇ ಹೋಯಿತು. ಕೆಲಸ ಬದಲಿಸುವವರು ಹೊಸ ಸಂಬಳದ ಅಂಕಿ ನೋಡಿ ಹಿಗ್ಗುವ ಮುಂಚೆ ಈ ಕಳೆಯುವ ಲೆಕ್ಕ ಒಮ್ಮೆ ಮಾಡಲೇಬೇಕು. ಹಣದ್ದೂ, ಹೊತ್ತಿನದ್ದೂ. ನಾನು ಎರಡನ್ನೂ ಮಾಡಿದ್ದೆ. ಮಾಡಿಯೂ ಹೊರಟೆ. ನನಗೆ ಕೆಲಸ ಬೇಕಿತ್ತು.

ನಮ್ಮ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದವರು. 1923ರಲ್ಲಿ ಕೆಲಸ ಶುರು ಮಾಡಿದ ಕಾರ್ಖಾನೆ ಅದು. ಅಜ್ಜ, ಅಪ್ಪ, ಮಗ ಅಂತ ಮೂರು ತಲೆಮಾರು ಅದೇ ಗೇಟಿನಲ್ಲಿ ಹೋಗಿ ಬಂದ ಮನೆಗಳು ನಮ್ಮ ಬೀದಿಯಲ್ಲಿದ್ದವು. ಸೈರನ್ ಕೇಳಿದರೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಅಂಥವರಿಗೆ, ‘ನಲವತ್ತು ದಾಟಿದ ಮೇಲೆ ಕೆಲಸ ಬಿಡ್ತಿದ್ದೀನಿ ಅಪ್ಪ’ ಅಂತ ಹೇಳುವುದು ಹೇಗೆ? ಭಯಪಟ್ಟುಕೊಂಡೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಟೀ ಯಾರು ಕೊಡ್ತಾರೆ?’ ಅಂತ ಕೇಳಿದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ನಲವತ್ತೈದನೇ ವಯಸ್ಸಿನಲ್ಲಿ ಅವರನ್ನು ಫೌಂಡ್ರಿಯಿಂದ ಸ್ಟೋರಿಗೆ ಹಾಕಿದ್ದರಂತೆ. ಗೇಟು ಅದೇ, ಹಾಜರಿ ನಂಬರು ಅದೇ. ಆದರೂ ಒಳಗೆ ಹೋದರೆ ಬೇರೆ ಊರಿಗೆ ಬಂದ ಹಾಗೆ. ಯಾವ ಸಾಮಾನು ಯಾವ ಗೂಡಿನಲ್ಲಿದೆ ಅಂತ ಯಾರನ್ನೂ ಕೇಳಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದ ಅನುಭವ ಇರುವವನು ಮೊಳೆ ಎಲ್ಲಿದೆ ಅಂತ ಕೇಳುವುದು ಹೇಗೆ ಅಂತ. ಕೊನೆಗೆ ದಾರಿ ತೋರಿಸಿದ್ದು ಟೀ ತರುತ್ತಿದ್ದವರು. ಅವರಿಗೆ ಎಲ್ಲರ ಮೇಜೂ ಗೊತ್ತು, ಎಲ್ಲರ ಸ್ವಭಾವವೂ ಗೊತ್ತು. ಅವರನ್ನು ಏನು ಕೇಳಿದರೂ ಚಿಕ್ಕವರಾಗುವುದಿಲ್ಲ.

ಅಪ್ಪ ಇದನ್ನು ಅದಕ್ಕೂ ಮುಂಚೆ ಯಾವತ್ತೂ ಮನೆಯಲ್ಲಿ ಹೇಳಿರಲಿಲ್ಲ. ಜೀವಮಾನವೆಲ್ಲ ಒಂದೇ ಕೆಲಸ ಮಾಡಿದವರು ಅಂತ ನಾನು ಅಂದುಕೊಂಡಿದ್ದೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ಸೇರಿ ಮೂರನೇ ವಾರ. ಗೌರಿ ಹಬ್ಬ ಹತ್ತಿರ ಇತ್ತು. ಖರ್ಚಿಗೆ ಬೇಕಲ್ಲ, ಮನೆಯಲ್ಲಿ ಉಳಿಸಿಟ್ಟ ಅಡಿಕೆಯನ್ನು ರೈತರು ತರುತ್ತಿದ್ದರು. ಗೋದಾಮಿನಲ್ಲಿ ತೂಕ ಮಾಡುವವರು ಒಂದು ಚೀಟಿ ಬರೆದು ಕಳಿಸುತ್ತಾರೆ, ನಾನು ಅದನ್ನು ನೋಡಿ ಲೆಕ್ಕದ ಪಟ್ಟಿ ಮಾಡಬೇಕು. ಒಂದು ಚೀಟಿಯಲ್ಲಿ ‘ರಾ 3, ಬೆ 2’ ಅಂತ ಇತ್ತು. ‘ರಾ’ ಅಂದರೆ ರಾಶಿ, ಅಡಿಕೆಯ ಒಂದು ದರ್ಜೆ ಅಂತ ಅಷ್ಟರಲ್ಲಿ ಕಲಿತಿದ್ದೆ. ‘ಬೆ’ ಏನು? ರೈತರು ಬೆಜ್ಜವಳ್ಳಿ ಕಡೆಯವರು. ಹಾಗಾದರೆ ಊರಿನ ಹೆಸರೇ ಇರಬೇಕು, ಆ ಊರಿಂದ ಇನ್ನೆರಡು ಚೀಲ ಆಮೇಲೆ ಬಂದಿರಬೇಕು ಅಂದುಕೊಂಡೆ. ಐದೂ ಚೀಲವನ್ನು ರಾಶಿಯ ದರಕ್ಕೇ ಹಾಕಿದೆ.

ಕೇಳಬಹುದಿತ್ತು. ಗೋದಾಮು ಇಪ್ಪತ್ತು ಹೆಜ್ಜೆ ದೂರ. ಎದ್ದು ಹೋಗಿ, ‘ಅಣ್ಣ, ಇದೇನು ಬರೆದಿದ್ದೀರಿ?’ ಅಂದಿದ್ದರೆ ಮುಗಿಯುತ್ತಿತ್ತು. ಒಮ್ಮೆ ಎದ್ದೆ ಕೂಡ. ಮತ್ತೆ ಕೂತೆ. 14 ವರ್ಷ ಲೆಕ್ಕ ಬರೆದವಳಿಗೆ ಒಂದು ಅಕ್ಷರ ಗೊತ್ತಾಗಲಿಲ್ಲವಾ ಅಂದುಕೊಂಡಾರು ಅಂತ ಕೂತೆ.

ಮಾರನೇ ದಿನ ಆ ರೈತರು ಮಳೆಯಲ್ಲೇ ಮತ್ತೆ ಬಂದರು. ಕೊಡೆ ಮಡಚಿ ಬಾಗಿಲಿಗೆ ಒರಗಿಸಿದರು. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದರು, ಅದರೊಳಗಿಂದ ನಾನು ಕೊಟ್ಟ ಪಟ್ಟಿ ತೆಗೆದರು. ಜೋರು ಮಾಡಲಿಲ್ಲ. ‘ಇದರಲ್ಲಿ ನಮ್ಮ ಬೆಟ್ಟೆ ಎಲ್ಲಿ ಹೋಯ್ತಮ್ಮ?’ ಅಂತ ಕೇಳಿದರು ಅಷ್ಟೆ. ಬೆಟ್ಟೆ ಅಡಿಕೆಯ ಇನ್ನೊಂದು ದರ್ಜೆ, ಅದಕ್ಕೆ ರಾಶಿಗಿಂತ ಹೆಚ್ಚು ದರ. ವರ್ಷವಿಡೀ ಕಾದು, ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಅದು. ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿದ ಖರ್ಚು ಬೇರೆ. ನನ್ನ ಸಂಕೋಚಕ್ಕೆ ಅವರು ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು.

ಅವರಿಗೆ ಬರಬೇಕಾದ ಹಣ ಆಗಲೇ ಕೊಟ್ಟೆವು. ಸಾಹುಕಾರರು ಏನೂ ಅನ್ನಲಿಲ್ಲ. ಸಂಜೆ ಹಿರಿಯ ಗುಮಾಸ್ತರು ನನ್ನ ಮೇಜಿನ ಮೇಲೆ ಹಳೇ ಪೇಪರು ಹಾಸಿ, ನಾಲ್ಕು ಹಿಡಿ ಅಡಿಕೆ ತಂದು ನಾಲ್ಕು ಗುಪ್ಪೆ ಮಾಡಿದರು. ‘ನೋಡಮ್ಮ. ಎಳೇ ಕಾಯಿದು ಇದು, ಸರಕು. ಎಲ್ಲಕ್ಕಿಂತ ಜಾಸ್ತಿ ಬೆಲೆ ಇದಕ್ಕೆ. ಎರಡು ಹೋಳಾಗಿದೆಯಲ್ಲ, ಇದು ಬೆಟ್ಟೆ. ಇಡೀ ಇರೋದು ರಾಶಿ. ಬಲಿತು ಹೋದ ಕಾಯಿದು ಗೊರಬಲು, ಬೆಲೆ ಕಡಿಮೆ. ಕೈಯಲ್ಲಿ ಹಿಡಿದು ನೋಡು.’ ಹಿಡಿದು ನೋಡಿದೆ. ಮೂರು ವಾರದಿಂದ ದಿನಾ ಬರೆಯುತ್ತಿದ್ದ ಹೆಸರುಗಳು ಅವು. ಅವತ್ತು ಮೊದಲ ಸಲ ಮುಟ್ಟಿದೆ. ಅಲ್ಲಿಯವರೆಗೆ ಅವರು ನನ್ನನ್ನು ‘ಮೇಡಂ’ ಅನ್ನುತ್ತಿದ್ದರು. ಅವತ್ತಿನಿಂದ ‘ಅಮ್ಮ’ ಆಯಿತು.

ನಾನು ಈ ಮಾತು ಆಡಲು ಇಲ್ಲಿಗೆ ಬಂದದ್ದೇ ಇದಕ್ಕಾಗಿ. ಹೊಸ ಕಡೆ ಸೇರಿದ ಹುಡುಗ ಹುಡುಗಿಯರು ಹೇಗೋ ಕೇಳುತ್ತಾರೆ, ಅವರಿಗೆ ಎಲ್ಲರೂ ಹೇಳಿಕೊಡುತ್ತಾರೆ ಕೂಡ. ಕಷ್ಟ ಇರುವುದು ನಮ್ಮಂಥ ಅನುಭವದವರಿಗೆ. ಎಲ್ಲ ಗೊತ್ತು ಅಂತಲೇ ನಮ್ಮನ್ನು ತೆಗೆದುಕೊಂಡಿದ್ದಾರೆ, ಕೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಬಾಯಿ ಕಟ್ಟಿಕೊಳ್ಳುತ್ತೇವೆ. ನಿಜಕ್ಕೂ ಆ ಮೊದಲ ಎರಡು ಮೂರು ತಿಂಗಳು ಕೇಳುವುದೇ ನಮ್ಮ ಕೆಲಸ. ಆಗ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ವರ್ಷ ಕಳೆದ ಮೇಲೆ ‘ಬೆ ಅಂದರೇನು’ ಅಂತ ಕೇಳಲು ಆಗುತ್ತದಾ?

ಊಟದ ಹೊತ್ತಿನ ಬಗ್ಗೆಯೂ ಒಂದು ಮಾತು. ಮೊದಲ ವಾರ ನಾನು ಬುತ್ತಿ ಬಿಚ್ಚಿ ನನ್ನ ಮೇಜಿನಲ್ಲೇ, ಕಂಪ್ಯೂಟರ್ ಕಡೆ ಮುಖ ಮಾಡಿ ಉಂಡೆ. ಅಡಿಕೆ ಆರಿಸುವ ಹೆಂಗಸರು ಗೋದಾಮಿನ ಜಗಲಿಯಲ್ಲಿ ದುಂಡಗೆ ಕೂರುತ್ತಿದ್ದರು. ಒಂದು ದಿನ ಅವರಲ್ಲೊಬ್ಬರು ಅಲ್ಲಿಂದಲೇ, ‘ಬನ್ನಿ ಅಕ್ಕ, ಪತ್ರೊಡೆ ತಂದಿದ್ದೀನಿ’ ಅಂತ ಕೂಗಿದರು. ಹೋದೆ. ಮಿಡಿ ಉಪ್ಪಿನಕಾಯಿಯ ಡಬ್ಬಿ ಕೈಯಿಂದ ಕೈಗೆ ಬಂತು. ಯಾವ ರೈತರ ಮನೆಯಲ್ಲಿ ಮದುವೆ ಇದೆ, ಯಾರು ಅಡಿಕೆ ಕೊಯ್ಲಿಗೆ ಮುಂಗಡ ಕೇಳಲು ಬರುತ್ತಾರೆ, ಯಾರಿಗೆ ಕಣ್ಣು ಮಂಜಾಗಿರುವುದರಿಂದ ಪಟ್ಟಿ ಓದಿ ಹೇಳಬೇಕು, ಇದೆಲ್ಲ ನನಗೆ ತಿಳಿದದ್ದು ಆ ಜಗಲಿಯಲ್ಲಿ. ಯಾವ ಕಡತದಲ್ಲೂ ಇವು ಇರಲಿಲ್ಲ.

ಇನ್ನೊಂದು ಅಭ್ಯಾಸ ನನ್ನನ್ನು ತುಂಬ ಕಾಡಿತು. ‘ನಮ್ಮ ಹಳೇ ಆಫೀಸಲ್ಲಿ ಹೀಗೆ ಇರಲಿಲ್ಲ’ ಅನ್ನುವ ಮಾತು. ಗಂಟೆಗೊಂದು ಸಲ ಬಾಯಿ ತುದಿಗೆ ಬರುತ್ತಿತ್ತು. ಎದುರಿಗಿದ್ದವರಿಗೆ ಅದು ಹೇಗೆ ಕೇಳಿಸುತ್ತದೆ ಹೇಳಿ? ನೀವು ಮಾಡುವುದೆಲ್ಲ ತಪ್ಪು ಅಂದ ಹಾಗೆ. ನಾನು ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವನ್ನೆಲ್ಲ ಬರೆದಿಟ್ಟೆ. ಹನ್ನೊಂದು ಆಯಿತು. ಕೊಯ್ಲಿನ ಕಾಲ ಬಂತು, ಚೀಲದ ಮೇಲೆ ಚೀಲ ಬಂತು. ಆ ಗಡಿಬಿಡಿಯಲ್ಲಿ ಅವರು ಹಾಗೇಕೆ ಮಾಡುತ್ತಾರೆ ಅಂತ ಒಂದೊಂದಾಗಿ ತಿಳಿಯಿತು. ಉದಾಹರಣೆಗೆ, ಕಂಪ್ಯೂಟರ್ ಇದ್ದೂ ಕಿರ್ದಿಯನ್ನು, ಅಂದರೆ ದಿನದ ಲೆಕ್ಕದ ಪುಸ್ತಕವನ್ನು, ಕೈಯಲ್ಲಿ ಏಕೆ ಬರೆಯುತ್ತಾರೆ ಅಂತ ನನಗೆ ಸಿಟ್ಟಿತ್ತು. ಗಾಳಿ ಮಳೆಗೆ ಎರಡು ದಿನ ಕರೆಂಟು ಹೋದಾಗ ಆ ಸಿಟ್ಟು ಹೋಯಿತು. ಮಾರ್ಚ್ ಲೆಕ್ಕದ ಹೊತ್ತಿಗೆ ಏಳನ್ನು ನಾನೇ ಹೊಡೆದು ಹಾಕಿದ್ದೆ. ಉಳಿದ ನಾಲ್ಕನ್ನು ಸಾಹುಕಾರರಿಗೆ ಹೇಳಿದೆ. ಮೂರನ್ನು ಒಪ್ಪಿದರು. ಅದರಲ್ಲಿ ಒಂದು ತೂಕದ ಚೀಟಿ. ಈಗ ಅದರಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಮನೆ ಅಚ್ಚು ಹಾಕಿಸಿದೆ. ಹಳೇ ಆಫೀಸಿನ ಅನುಭವ ಎಲ್ಲೂ ಹೋಗಿರಲಿಲ್ಲ. ಅದಕ್ಕೆ ಕೆಲಸ ಬರಲು ಎಂಟು ತಿಂಗಳು ಬೇಕಾಯಿತು.

ಕಳೆದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಶಿವಮೊಗ್ಗದಲ್ಲಿ ಒಂದು ಕಡೆ ಆರು ವರ್ಷ ಕೆಲಸ ಮಾಡಿ ಈಗ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆ ಸೇರುತ್ತಿದ್ದಾನೆ. ‘ಗ್ರಾಚ್ಯುಟಿ ಕೇಳಿದೆಯೇನೋ?’ ಅಂದೆ. ‘ಅದು ರಿಟೈರ್ ಆಗೋರಿಗೆ ಅಲ್ವಾ ಚಿಕ್ಕಮ್ಮ?’ ಅಂದ. ತುಂಬ ಜನ ಹೀಗೇ ತಿಳಿದುಕೊಂಡಿದ್ದಾರೆ, ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಸಂಸ್ಥೆ ಒಟ್ಟಿಗೆ ಕೊಡುವ ಹಣ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಐದು ವರ್ಷ ಬಿಡದೆ ಕೆಲಸ ಮಾಡಿದ ಕಾಯಂ ನೌಕರರು ರಾಜೀನಾಮೆ ಕೊಟ್ಟು ಹೋದರೂ ಗ್ರಾಚ್ಯುಟಿ ಸಿಗಬೇಕು. 1972ರಿಂದಲೂ ಕಾನೂನಿನಲ್ಲಿರುವ ಹಕ್ಕು ಇದು. ಲೆಕ್ಕ ಸುಲಭ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಅವನದು 13,000 ರೂಪಾಯಿ. ಭಾಗಿಸಿದರೆ 500, ಹದಿನೈದರಿಂದ ಗುಣಿಸಿದರೆ 7,500, ಆರು ವರ್ಷಕ್ಕೆ 45,000 ರೂಪಾಯಿ. ಹುಡುಗ ಅದನ್ನು ಬಿಟ್ಟೇ ಹೊರಟಿದ್ದ.

ಪಿಎಫ್, ಅಂದರೆ ಭವಿಷ್ಯನಿಧಿಯ ಹಣ ತೆಗೆದು ಬೈಕ್ ತಗೊಳ್ಳುವ ಆಸೆ ಅವನಿಗೆ. ನಾನು ಬೇಡವೇ ಬೇಡ ಅಂದೆ. ಸಂಬಳದಿಂದ ಶೇಕಡಾ 12 ನಮ್ಮದು ಹೋಗುತ್ತದೆ, ಮಾಲೀಕರೂ 12 ಹಾಕುತ್ತಾರೆ. ಮಾಲೀಕರು ಹಾಕುವುದರಲ್ಲಿ 8.33 ಪಿಂಚಣಿಗೆ ಸೇರುತ್ತದೆ. ಪಿಂಚಣಿ ಬರಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಪಿಂಚಣಿಯ ಹಣವನ್ನೂ ತೆಗೆದರೆ ಅವನ ಆರು ವರ್ಷ ಅಲ್ಲಿಗೆ ಅಳಿಸಿ ಹೋಯಿತು, ಮತ್ತೆ ಒಂದರಿಂದ ಎಣಿಸಬೇಕು. ಹೊಸ ಕಡೆಗೆ ವರ್ಗಾಯಿಸಿದರೆ ಇನ್ನು ನಾಲ್ಕೇ ವರ್ಷ. ಪಿಎಫ್‌ನ ಯುಎಎನ್ ನಂಬರ್ ಜೀವಮಾನಕ್ಕೆ ಒಂದೇ. ಸೇರುವ ದಿನವೇ ಅದನ್ನು ಕೊಡಬೇಕು, ಹೊಸ ನಂಬರ್ ಮಾಡಿಸಿಕೊಳ್ಳಬಾರದು.

ನನ್ನ ಹಳೇ ಸಂಸ್ಥೆಯವರು ಕೆಲಸ ಬಿಟ್ಟ ದಿನಾಂಕವನ್ನೇ ಪಿಎಫ್‌ನಲ್ಲಿ ಹಾಕಿರಲಿಲ್ಲ. ಬಿಡುಗಡೆ ಪತ್ರಕ್ಕೂ ಮೂರು ತಿಂಗಳು ಓಡಾಡಿಸಿದರು. 14 ವರ್ಷ ಇದ್ದ ಜಾಗದಲ್ಲಿ ಹೊರಗಿನ ಬೆಂಚಿನ ಮೇಲೆ ಕೂತು ಕಾಯುವುದು ಬೇಜಾರಿನ ವಿಷಯ. ಪತ್ರ ಕೊನೆಗೂ ಸಿಕ್ಕಿತು. ದಿನಾಂಕಕ್ಕೆ ಮಾತ್ರ ಕಾಯಬೇಕಾಗಿಲ್ಲ ಅಂತ ಆಮೇಲೆ ಗೊತ್ತಾಯಿತು. ಕೊನೆಯ ಸಲ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ, ಆಧಾರ್ ಜೋಡಣೆಯಾಗಿದ್ದರೆ, ನಾವೇ ಪಿಎಫ್ ತಾಣದಲ್ಲಿ ಆ ದಿನಾಂಕ ಹಾಕಬಹುದು.

ಇಷ್ಟನ್ನು ಅವನು ಬರೆದುಕೊಂಡ. ಹಳೇ ಕಡೆ ನೋಟಿಸ್ ಅವಧಿ ಪೂರ್ತಿ ಮಾಡಿ, ತನ್ನ ಕೆಲಸವನ್ನು ಇನ್ನೊಬ್ಬರಿಗೆ ಸರಿಯಾಗಿ ವಹಿಸಿಯೇ ಬರುತ್ತೇನೆ ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಚಿಕ್ಕಮ್ಮ, ಅಲ್ಲಿ ಹಿಡಿಸದಿದ್ರೆ?’ ಅಂತ ಕೇಳಿದ. ಮೊದಲ ವಾರ ನನಗೂ ಹಿಡಿಸಿರಲಿಲ್ಲ ಅಂತ ಹೇಳಿದೆ. ಸೇರಿದ ದಿನ ಸಂಜೆ ಮನೆಯಲ್ಲಿ ಎಲ್ಲರೂ ಕೇಳಿದ್ದರು, ‘ಹೇಗಿದೆ ಹೊಸ ಕೆಲಸ?’ ಅಂತ. ಒಂದೇ ದಿನಕ್ಕೆ ಏನು ತಾನೇ ಗೊತ್ತಾಗುತ್ತದೆ? ಆದರೂ ದಣಿವಿನಲ್ಲಿ, ‘ಯಾಕೋ ಸರಿ ಹೋಗಲ್ಲ ಅನ್ನಿಸುತ್ತೆ’ ಅಂದುಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಆ ಮಾತನ್ನೇ ಹೊತ್ತುಕೊಂಡು ಬಸ್ಸು ಹತ್ತಿದೆ.

ಬರುವ ಸೋಮವಾರ ಅವನು ಸೇರುತ್ತಾನೆ. ಅಕ್ಕನಿಗೂ ಹೇಳಿದ್ದೇನೆ, ಸಂಜೆ ಬಂದ ಕೂಡಲೇ ‘ಹೇಗಿತ್ತೋ’ ಅಂತ ಕೇಳಬೇಡ, ಮೊದಲು ಒಂದು ಲೋಟ ಕಾಫಿ ಕೊಡು ಅಂತ. ನಾನಂತೂ ದೀಪಾವಳಿಗೆ ಮನೆಗೆ ಬಂದಾಗಲೇ ಕೇಳುವುದು.

ನಮಸ್ಕಾರ.