ಬೆನ್ನಿನ ನೀರು

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಒಂದು ರಾತ್ರಿ ಸಿದ್ದಾಪುರದ ಕಡೆಯ ಅಜ್ಜಿಯೊಬ್ಬರು ಐದು ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಶಿರಸಿಗೆ ಬಂದರು. ಮೂರು ದಿನದಿಂದ ಜ್ವರ, ಸಂಜೆಯಿಂದ ಎರಡು ಸಲ ಫಿಟ್ಸ್. ಕರೆದರೆ ಕಣ್ಣು ಬಿಡುತ್ತಿದ್ದ, ಆದರೆ ಅಜ್ಜಿಯ ಗುರುತು ಹತ್ತುತ್ತಿರಲಿಲ್ಲ. ಮೆದುಳಿಗೆ ಸೋಂಕು ತಗುಲಿದೆಯೇ ಎಂದು ನೋಡಲು ಬೆನ್ನಿನಿಂದ ನೀರು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆಯಬೇಕು ಎಂದೆ. ಅಜ್ಜಿ ಹುಡುಗನನ್ನು ಇನ್ನೂ ಬಿಗಿಯಾಗಿ ಅವಚಿಕೊಂಡರು. “ಬೆನ್ನಿಗೆ ಸೂಜಿ ಹಾಕಿರೆ ಕಾಲು ಬಿದ್ದು ಹೋಗ್ತಡ, ಹೌದಾ?”

ಮಕ್ಕಳ ವೈದ್ಯನಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ಇವತ್ತು ಬಾನುಲಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: ಹೋಗುವುದಿಲ್ಲ.

ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ತಾಗುವಂತೆ ಸೀಗಡಿಯ ಹಾಗೆ ಬಾಗಿಸುತ್ತೇವೆ. ಸೂಜಿ ಹೋಗುವುದು ಸೊಂಟದ ಹತ್ತಿರ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಅಲ್ಲಿರುವುದು ನೀರಲ್ಲಿ ತೇಲುವ ನರದ ಎಳೆಗಳು, ಸೂಜಿ ಬಂದರೆ ಸರಿದುಕೊಳ್ಳುತ್ತವೆ. ಹನಿಹನಿಯಾಗಿ ಒಂದೆರಡು ಮಿಲಿಲೀಟರ್ ಹಿಡಿದರೆ ಸಾಕು. ತೆಗೆದಷ್ಟನ್ನು ದೇಹ ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ತಲೆಯೊಳಗೆ ಒತ್ತಡ ತುಂಬ ಏರಿದೆ ಎನ್ನಿಸಿದರೆ ನಾವೇ ಆ ಹೊತ್ತಿಗೆ ಸೂಜಿ ಹಾಕುವುದಿಲ್ಲ.

ಆ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿದ್ದರೆ ಬ್ಯಾಕ್ಟೀರಿಯಾದ ಸೋಂಕು ಎಂಬ ಅನುಮಾನ. ವೈರಸ್ ಆದರೆ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಆದರೆ ಯಾವ ವೈರಸ್? ಅದು ಬರಿಗಣ್ಣಿಗಾಗಲಿ, ನಮ್ಮ ಊರಿನ ಸೂಕ್ಷ್ಮದರ್ಶಕಕ್ಕಾಗಲಿ ಕಾಣುವುದಿಲ್ಲ. ಅದಕ್ಕೇ ಕೊಳವೆಗಳು ಐಸ್ ಡಬ್ಬ ಸೇರಿ ಮಣಿಪಾಲಕ್ಕೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕಾಗುತ್ತದೆ.

ಗದ್ದೆಬಯಲಿನ ಸೊಳ್ಳೆಯಿಂದ ಬರುವ ಮೆದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್‌ಗೆ ಎಲಿಸಾ ಪರೀಕ್ಷೆಯಿದೆ. ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಪ್ರತಿಕಾಯ ಮೂಡಲು ದಿನಗಳು ಬೇಕು. 1965ರಲ್ಲಿ ನಾಗಪುರದ ಬಳಿಯ ಹಳ್ಳಿಯಲ್ಲಿ ಪತ್ತೆಯಾದ ಚಾಂದಿಪುರ ವೈರಸ್ ಅಷ್ಟು ಪುರುಸೊತ್ತು ಕೊಡುವುದಿಲ್ಲ, ಒಂದೆರಡು ದಿನದಲ್ಲೇ ಮಗುವಿನ ಪ್ರಾಣಕ್ಕೆ ಬರಬಹುದು. ಅಂಥಲ್ಲಿ ಬೇಕಾದದ್ದು ಪಿಸಿಆರ್. ವೈರಸ್ಸಿನ ವಂಶವಾಹಿಯ ಒಂದು ತುಣುಕನ್ನು ಅದು ಮತ್ತೆ ಮತ್ತೆ ಇಮ್ಮಡಿಸುತ್ತದೆ. 30 ಸುತ್ತಿನಲ್ಲಿ ಒಂದು ತುಣುಕು 100 ಕೋಟಿ ದಾಟುತ್ತದೆ.

ಪಿಸಿಆರ್‌ಗೂ ಒಂದು ಮಿತಿಯಿದೆ. ಯಾವ ವೈರಸ್ಸನ್ನು ಹುಡುಕು ಎಂದು ಹೇಳುತ್ತೇವೋ ಅದನ್ನಷ್ಟೇ ಹುಡುಕುತ್ತದೆ. ಆದ್ದರಿಂದ ಮಗು ಬೆಟ್ಟಕ್ಕೆ ಹೋಗಿತ್ತೇ, ಮೈಮೇಲೆ ಉಣುಗು ಕಂಡಿತ್ತೇ, ಸುತ್ತಮುತ್ತ ಮಂಗ ಸತ್ತಿತ್ತೇ, ಇವೆಲ್ಲ ತಪ್ಪದೆ ಹೇಳಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಇದೆ. ಅದರ ಜ್ವರ ಇಳಿದು ಮತ್ತೆ ಬಂದಾಗ ಕೆಲವರಲ್ಲಿ ಮೆದುಳಿನ ಲಕ್ಷಣಗಳು ಕಾಣುತ್ತವೆ.

ಏನನ್ನು ಹುಡುಕಬೇಕು ಎಂದೇ ತಿಳಿಯದಿದ್ದಾಗ ಮೆಟಾಜೀನೋಮಿಕ್ ಸೀಕ್ವೆನ್ಸಿಂಗ್ ಎಂಬ ವಿಧಾನವಿದೆ. ಆ ನೀರಿನಲ್ಲಿರುವ ಎಲ್ಲ ವಂಶವಾಹಿ ಚೂರುಗಳನ್ನೂ ಅದು ಓದುತ್ತದೆ. 2014ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಮೆದುಳಿನ ಉರಿಯೂತದ ಕಾರಣ ಯಾವ ಪರೀಕ್ಷೆಗೂ ಸಿಗದೆ ನರಳುತ್ತಿದ್ದ 14 ವರ್ಷದ ಹುಡುಗ. 30 ಲಕ್ಷಕ್ಕೂ ಮಿಕ್ಕಿದ ಚೂರುಗಳಲ್ಲಿ 475 ಚೂರುಗಳು ಲೆಪ್ಟೊಸ್ಪೈರಾದವು, ನಮ್ಮ ಮಾತಿನಲ್ಲಿ ಇಲಿಜ್ವರ! ಅದು ವೈರಸ್ಸೇ ಅಲ್ಲ, ಬ್ಯಾಕ್ಟೀರಿಯಾ. ಪೆನಿಸಿಲಿನ್ ಕೊಟ್ಟರು, ಹುಡುಗ ಚೇತರಿಸಿಕೊಂಡ. ಇಲಿಜ್ವರ ಹೊಸದಲ್ಲದ ಈ ಕರಾವಳಿ ಜಿಲ್ಲೆಯಲ್ಲಿ ಕುಳಿತು ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ದುಬಾರಿ ಪರೀಕ್ಷೆ, ಎಲ್ಲ ಕಡೆ ಸಿಗುವುದೂ ಇಲ್ಲ. ಆದರೆ ಅದಕ್ಕೂ ಬೇಕಾದದ್ದು ಅದೇ ನಾಲ್ಕು ಹನಿ ನೀರು.

ಆ ರಾತ್ರಿ ಅಜ್ಜಿ ಒಪ್ಪಿದರು. ವರದಿಗೆ ಕಾಯದೆ ಹರ್ಪಿಸ್ ವೈರಸ್ಸಿನ ಔಷಧಿ ಎಸೈಕ್ಲೊವಿರ್ ಶುರು ಮಾಡಿದೆವು. ಹರ್ಪಿಸ್ ವೈರಸ್ ಆಗಿದ್ದರೆ ಒಂದೊಂದು ಗಂಟೆಯೂ ಮೆದುಳನ್ನು ತಿನ್ನುತ್ತದೆ. ಮೊದಲ ಪಿಸಿಆರ್‌ನಲ್ಲಿ ಏನೂ ಸಿಗಲಿಲ್ಲ. ಕಾಯಿಲೆಯ ಮೊದಮೊದಲ ದಿನಗಳಲ್ಲಿ ಹಾಗಾಗುವುದುಂಟು. ನಾಲ್ಕು ದಿನ ಬಿಟ್ಟು ಮತ್ತೆ ನೀರು ತೆಗೆಯಬೇಕಾಯಿತು. ಈ ಸಲ ಅಜ್ಜಿ ಏನೂ ಕೇಳಲಿಲ್ಲ. ಸೂಜಿ ಹೊರಗೆ ಬರುವವರೆಗೂ ಮಾಣಿಯ ಅಂಗಾಲು ಸವರುತ್ತ ನಿಂತಿದ್ದರು. ವರದಿಯಲ್ಲಿ ಹರ್ಪಿಸ್ ಸಿಕ್ಕಿತು, ಔಷಧಿ 21 ದಿನ ನಡೆಯಿತು.